ಮೂರನೇ ಮಹಡಿಯಲ್ಲಿ ಮೆರವಣಿಗೆ

ಹನ್ನೊಂದೂ ನಲವತ್ತಕ್ಕೆ ಕರೆಂಟ್ ಹೋಯಿತು.

ಕಲ್ಕತ್ತೆಯಲ್ಲಿ ಕರೆಂಟ್ ಹೋಗುವುದೂ ಒಂದು ಸುದ್ದಿಯೇ? (ಹೋಗದಿದ್ದರೆ ಸುದ್ದಿ.) ಆದರೆ ಆ ಮಂಗಳವಾರ ನಾನು ನಮ್ಮ ಗರ್ಲ್ಸ್ ಸ್ಕೂಲಿನ ಒಂಬತ್ತನೇ ಕ್ಲಾಸಿಗೆ ಹಳೆಯ ಇಂಗ್ಲಿಷ್ ನಾಟಕ ಓದಿಸುತ್ತಿದ್ದೆ. ಯಾರ ನಾಟಕ ಎಂದು ಕೇಳಬೇಡಿ. ಜಗತ್ತಿನ ಶಾಲೆಗಳೆಲ್ಲ ಮಕ್ಕಳನ್ನು ಹೆದರಿಸುತ್ತಿರುವುದು ಒಬ್ಬನೇ ಮಹಾಶಯನ ಹೆಸರಿನಲ್ಲಿ.

ಫ್ಯಾನ್ ನಿಂತಿತು, ಕೋಣೆ ಕತ್ತಲಾಯಿತು. ಪುಸ್ತಕ ಹಿಡಿದು ಎಲ್ಲರೂ ಹೊರಗಿನ ವೆರಾಂಡಾಕ್ಕೆ ಬಂದೆವು. ಮೂರನೇ ಮಹಡಿ.

ದೃಶ್ಯ ಸರಳ. ಒಂದು ಕಡೆ ಕೆರಳಿದ ಜನ, ಇನ್ನೊಂದು ಕಡೆ ಅವರನ್ನು ಮಾತಿನಿಂದಲೇ ತಿರುಗಿಸಬೇಕಾದ ಒಬ್ಬ ಭಾಷಣಕಾರ. ಪದಗಳ ಅರ್ಥವನ್ನೆಲ್ಲ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸೋತಿತ್ತು. ಅರ್ಥ ಬಂತು, ನಾಟಕ ಬರಲಿಲ್ಲ. ಕೆರಳಿದ ಜನ ಬೇಳೆಯಲ್ಲಿ ಕಲ್ಲು ಆರಿಸುವವರ ಹಾಗೆ ಓದುತ್ತಿದ್ದರು.

ನನಗೆ ರೇಗಿತು. "ಪುಸ್ತಕ ಮುಚ್ಚಿ. ದಿನಾ ಬೀದಿಯಲ್ಲಿ ಮೆರವಣಿಗೆ ನೋಡ್ತೀರಲ್ಲ? ಹಾಗೆ ಕೂಗಿ" ಎಂದುಬಿಟ್ಟೆ.

ಈ ಊರಿನ ಮಕ್ಕಳಿಗೆ ಹಾಗೆ ಹೇಳಬಹುದೇ? ನೋಡನೋಡುತ್ತ ಸಾಲು ಕಟ್ಟಿದರು. ಮಿತಾಲಿ ಲೀಡರ್. ಮುಷ್ಟಿ ಎತ್ತಿ "ಚೋಲ್ಬೇ ನಾ!" ಎಂದಳು. ನಡೆಯುವುದಿಲ್ಲ! "ಚೋಲ್ಬೇ ನಾ, ಚೋಲ್ಬೇ ನಾ!" ಎಂದರು ಉಳಿದವರು. ಮೆರವಣಿಗೆ ಆದ ಮೇಲೆ ಏನು ಎಂಬುದೂ ಅವರಿಗೆ ಗೊತ್ತಿತ್ತು. ಘೇರಾವ್. ಭಾಷಣಕಾರನನ್ನು ಸುತ್ತುವರಿದರು.

ಭಾಷಣಕಾರನ ಪಾತ್ರ ವೀಣಾಳದು. ಲೇಕ್ ಮಾರ್ಕೆಟ್ಟಿನಲ್ಲಿ ಇಡ್ಲಿ-ದೋಸೆ ಹೋಟೆಲ್ ಇಟ್ಟಿರುವ ಉಡುಪಿ ಕಡೆಯ ಭಟ್ಟರ ಮಗಳು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ, ಅದಕ್ಕೇ ಆ ಪಾತ್ರ ಕೊಟ್ಟಿದ್ದೆ. ಅವಳು ಹಿಂದೆ ಹಿಂದೆ ಸರಿದು, ಬೆನ್ನು ವೆರಾಂಡಾದ ಹಳೆಯ ಮೋಟುಗೋಡೆಗೆ ತಾಗಿತು. ಹಿಂದಿನ ಸಾಲಿನವರಿಗೆ ಅದು ಕಾಣದು. ದೂಡುತ್ತಲೇ ಇದ್ದರು. ಗೋಡೆಯ ಒಂದು ಇಟ್ಟಿಗೆ ಕಳಚಿ ಕೆಳಗಿನ ಅಂಗಳಕ್ಕೆ ಬಿತ್ತು.

ನಾನು ಕೂಗಿದೆ. ಮೆರವಣಿಗೆಗೆ ಯಾರ ಕೂಗು ಕೇಳಿಸುತ್ತದೆ?

ಆಗ ವೀಣಾ ಎರಡೂ ಕೈ ಎತ್ತಿದಳು. ಕನ್ನಡದಲ್ಲಿ, ತನ್ನ ಅಪ್ಪನ ಗಂಟಲಿನಲ್ಲಿ, "ದೂಡ್ಬೇಡಿ ಮಾರಾಯ್ರೆ! ಎಲ್ರಿಗೂ ಉಂಟು! ಒಬ್ಬೊಬ್ರೇ ಬನ್ನಿ!" ಎಂದಳು.

ಭಾನುವಾರ ಬೆಳಿಗ್ಗೆ ಹೋಟೆಲಿನ ಬಾಗಿಲಿಗೆ ಮುತ್ತುವ ಗಿರಾಕಿಗಳಿಗೆ ಭಟ್ಟರು ಹೇಳುವ ಮಾತು ಅದು. (ಬಂಗಾಳಿ ಗಿರಾಕಿಗಳಿಗೆ ಒಂದಕ್ಷರವೂ ತಿಳಿಯದು. ಆದರೂ ನಿಲ್ಲುತ್ತಾರೆ.)

ಇವರೂ ನಿಂತರು. ನಾನು ನುಗ್ಗಿ ಅವಳ ತೋಳು ಹಿಡಿದು ಈಚೆಗೆ ಎಳೆದುಕೊಂಡೆ.

"ಏನಂದಳು ಮಿಸ್?" ಎಂದು ಕೇಳಿದಳು ಮಿತಾಲಿ. ಅಲ್ಲಿ ಕನ್ನಡ ಬಲ್ಲವರು ವೀಣಾ, ನಾನು ಇಬ್ಬರೇ. ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಿತಾಲಿ ಮಾತ್ರ ಪುಸ್ತಕ ತೆರೆದು ಭಾಷಣಕಾರನ ಮಾತು ನೋಡಿದಳು. "ಮಿಸ್, ಇವನೂ ಇದನ್ನೇ ಮಾಡ್ತಿದ್ದಾನೆ! ಮೊದಲು ಜನರನ್ನ ನಿಲ್ಲಿಸ್ತಾನೆ. ಭಾಷಣ ಎಲ್ಲ ಆಮೇಲೆ."

ಪಾಠ ಗೆದ್ದಿತು, ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಸಾಕು, ಇಟ್ಟಿಗೆ ಬೀಳುತ್ತಿತ್ತು. ಒಮ್ಮೊಮ್ಮೆ ಇಟ್ಟಿಗೆಯ ಜಾಗದಲ್ಲಿ ಹುಡುಗಿ.

ಗುರುವಾರ ಭಟ್ಟರು ಶಾಲೆಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಪಾತ್ರ ಬೇರೆಯವರಿಗೆ ಕೊಡ್ತೀನಿ ಭಟ್ರೇ, ಹೆದರಬೇಡಿ" ಎಂದೆ.

"ಅಯ್ಯೋ, ಹಾಗೆ ಮಾಡ್ಬೇಡಿ ಟೀಚರೇ! ಅವಳಮ್ಮ ನಾಟಕ ಬೇಡ ಅಂದದ್ದಕ್ಕೆ ಹುಡುಗಿ ಊಟ ಬಿಟ್ಟು ಕೂತಿದ್ದಾಳೆ. ಮನೆಯಲ್ಲೂ ಈಗ ಚೋಲ್ಬೇ ನಾ! ನೀವು ಕೆಳಗೆ ಮಾಡ್ಸಿ ಮಾರಾಯ್ರೆ, ನೆಲದ ಮೇಲೆ."

ವೆರಾಂಡಾಕ್ಕೆ ಬೀಗ ಬಿತ್ತು, ಗಾರೆ ಕೆಲಸದವರು ಬಂದರು. ಶನಿವಾರ ಅಂಗಳದಲ್ಲಿ ಅದೇ ದೃಶ್ಯ ಆಡಿದರು. ಜನ ಕೂಗಿದರು. ವೀಣಾ ಅವಸರ ಮಾಡಲಿಲ್ಲ. ಕೊನೆಯ ಸಾಲಿನ ಕೂಗು ಅಡಗುವವರೆಗೆ ಕಾದಳು. ಆಮೇಲೆ ಆ ಹಳೆಯ ಇಂಗ್ಲಿಷನ್ನು ಒಂದು ಪದವೂ ಬದಲಿಸದೆ ಹೇಳಿದಳು. ಗೇಟಿನ ಬಳಿ ನಿಂತಿದ್ದ ಭಟ್ಟರು, ಏನೋ ಕೇಳಲು ಬಂದ ವಾಚ್‌ಮನ್‌ಗೆ "ಶ್..." ಎಂದರು.

ಆ ರಾತ್ರಿ ಮಲಗಿದವಳು ಬೆಳಗಾದ ಮೇಲೆಯೇ ಎದ್ದೆ. ಈ ಊರಿನಲ್ಲಿ ಕೂಗುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಕೂಗುವವರ ಎದುರು ಕಾಯುವುದನ್ನು ಒಬ್ಬ ಹುಡುಗಿ ಕಲಿತಳೆಂದರೆ, ಅವಳ ಟೀಚರ್ ಒಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಾರದೇ?