ಕಿವಿಯಿಂದ ರುಚಿ ನೋಡುತ್ತಿದ್ದ ಅಕ್ಕ

ಗೋವಾದ ಪರ್ವರಿಯ ನಮ್ಮ ಬಾಡಿಗೆ ಕೋಣೆಯಲ್ಲಿ, ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಭಾನುವಾರ, ಸಂಜೆ ಐದು ಗಂಟೆ. ಕಿಟಕಿಯ ಬಿಸಿಲು ಎಣ್ಣೆಯ ಹೊಗೆಯಲ್ಲಿ ಮೆಲ್ಲಗೆ ತೇಲುತ್ತಿತ್ತು.

ಪಕ್ಕದ ಮನೆಯ ಅಕ್ಕ ದಿನವೂ ವಿಭೂತಿ ಹಚ್ಚುವವರು, ಎಂದೂ ಮಾಂಸ ತಿಂದವರಲ್ಲ. ಅಡುಗೆ ಕೆಲಸಕ್ಕೆ ಹೋಗುವ ಬಂಗಲೆಯಲ್ಲಿ ಚಿಕನ್ ರೋಲ್ ಕಲಿತಿದ್ದರು. ಕೋಳಿಯ ತುಂಡುಗಳಿಗೆ ಅವಲಕ್ಕಿಯ ಪುಡಿ ಹಚ್ಚಿ ಕರಿಯುವರು. ಗರಿಗರಿಯಾಗಿದೆಯೇ ಎಂದು ತಿಳಿಯಲು ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿಯುವರು. "ನಾ ತಿನ್ನಂಗಿಲ್ರಿ, ಬರೇ ಕೇಳ್ತೇನಿ," ಎನ್ನುವರು.

ಅಂದು ನಮ್ಮ ಒಲೆಯ ಮೇಲೆ ಕರಿದು, ಹಾಗೆಯೇ ಮುರಿದು ಕೇಳಿದರು. ಚಪಾತಿಯಲ್ಲಿ ಸುತ್ತಿ ನನ್ನ ಹೆಂಡತಿಯ ಮುಂದೆ ಹಿಡಿದರು. ಜ್ವರ ಬಿಟ್ಟು ನಾಲ್ಕು ದಿನವಾದರೂ ಅವಳು ಒಂದು ತುತ್ತೂ ತಿಂದಿರಲಿಲ್ಲ, ದಿನದಿನಕ್ಕೆ ಸೊರಗುತ್ತಿದ್ದಳು.

"ಮೊದಲ ನೀವ ತಿನ್ರಿ ಅಕ್ಕಾ, ಆಮ್ಯಾಲೆ ನಾ," ಎಂದು ಗೋಡೆಯ ಕಡೆ ತಿರುಗಿದಳು. ಅವರು ತಿನ್ನುವುದಿಲ್ಲವೆಂದು ಗೊತ್ತಿದ್ದೇ ಆಡಿದ ಮಾತು.

ಅಕ್ಕ ಕಣ್ಣು ಮುಚ್ಚಿ ಕಚ್ಚಿದರು. ಕರುಂ ಎಂಬ ಸಪ್ಪಳ ನನಗೂ ಕೇಳಿತು; ಹೆಂಡತಿ ಇತ್ತ ತಿರುಗಿ ನೋಡಿದಳು. ಬಹಳ ಹೊತ್ತು ಅಗಿದು ನುಂಗಿದರು.

"ಚಲೋ ಆಗೇತಿ. ಈಗ ನಿನ್ನ ಪಾಳಿ, ತಂಗಿ."

ಅವಳು ಅಳುತ್ತಲೇ ಪೂರ್ತಿ ತಿಂದಳು.

ಅಕ್ಕ ಈಗಿಲ್ಲ. ಅವರು ಅಂದು ತಿಂದದ್ದನ್ನು ಕಂಡವಳು ನನ್ನ ಹೊರತು ಒಬ್ಬಳೇ, ನನ್ನ ಹೆಂಡತಿ. ಅವಳು ಬದುಕಿದ್ದಾಳೆ.