ಹಡಗಿನ ಕಸಕ್ಕೆ ನಾನು ಹಾಕಿದ ಸಹಿ

ಮಖ್ತಲ್ ಬಸ್ ಸ್ಟ್ಯಾಂಡಿನಲ್ಲಿ ಗದ್ವಾಲದ ಬಸ್ಸಿಗೆ ಕಾಯುತ್ತಿದ್ದಾಗ ಆ ಫೋನು ಬಂತು. ರಜೆಯ ಮೇಲೆ ನಾರಾಯಣಪೇಟೆಯ ಮನೆಗೆ ಬಂದು ಹತ್ತು ದಿನವಾಗಿತ್ತು. ಅಕ್ಕನನ್ನು ನೋಡಿ ಬರಲು ಹೊರಟಿದ್ದೆ. ಆ ಕಡೆಯಿಂದ ನಮ್ಮ ಹಡಗಿನ ಕಂಪನಿಯ ಒಬ್ಬ ಹೆಂಗಸು, "ಹಡಗಿನ ಕಸದ ವಿಷಯದಲ್ಲಿ ವಿಚಾರಣೆ ನಡೆದಿದೆ. ನಾಳೆ ಹನ್ನೊಂದಕ್ಕೆ ವಿಡಿಯೋ ಕರೆಯಲ್ಲಿ ನಿಮ್ಮ ಹೇಳಿಕೆ ಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹೂಂ ಅಂದೆನೋ ಇಲ್ಲವೋ ನೆನಪಿಲ್ಲ.

ಪ್ರವಾಸಿಗರನ್ನು ಸುತ್ತಾಡಿಸುವ ದೊಡ್ಡ ಹಡಗಿನಲ್ಲಿ ನನ್ನದು ಕಸ ವಿಂಗಡಿಸುವ ಕೆಲಸ. ಮೇಲಿನವರು ತಿಂದು ಬಿಟ್ಟದ್ದೆಲ್ಲ ಕೆಳಗೆ, ಕಿಟಕಿಯಿಲ್ಲದ ನಮ್ಮ ಕೋಣೆಗೆ ಬರುತ್ತಿತ್ತು. ಗಾಜು, ಡಬ್ಬಿ, ಪ್ಲಾಸ್ಟಿಕ್ ಬೇರೆ ಮಾಡಿ, ಉಳಿದ ಊಟವನ್ನು ಮಾತ್ರ ಯಂತ್ರದಲ್ಲಿ ಅರೆದು, ದಡದಿಂದ ದೂರ ಹೋದ ಮೇಲೆ ಸಮುದ್ರಕ್ಕೆ ಬಿಡಬಹುದು. ಪ್ಲಾಸ್ಟಿಕ್ಕಿನ ಒಂದು ಚೂರೂ ನೀರಿಗೆ ಬೀಳಬಾರದು. ಮೊದಲ ದಿನವೇ ಕಲಿಸಿದ ಕಾಯಿದೆ ಅದು.

ಒಂದು ಮಧ್ಯಾಹ್ನ ಕಸ ಸುಡುವ ಒಲೆ ಕೆಟ್ಟಿತು. ಚೀಲಗಳು ಬಾಗಿಲವರೆಗೆ ರಾಶಿ ಬಿದ್ದವು. ಮೇಲ್ವಿಚಾರಕ ಬಂದು ನೋಡಿ, "ಬಿಚ್ಚಬೇಡ, ಹಾಗೇ ಅರೆಯೋಕೆ ಹಾಕು" ಎಂದ.

"ಸರ್, ಒಳಗೆ ಪ್ಲಾಸ್ಟಿಕ್ ಇದೆ."

"ಮತ್ತೆ ಹಡಗು ಹತ್ತಬೇಕೋ ಬೇಡವೋ ನಿನಗೆ?"

ನಾನು ಗುಂಡಿ ಒತ್ತಿದೆ. ಸ್ಟ್ರಾ, ಲೋಟ, ಬೆಣ್ಣೆಯ ಪುಟ್ಟ ಡಬ್ಬಿಗಳು ಅನ್ನದ ಜೊತೆ ಸೇರಿ ಹೋದವು. ಆ ದಿನದ ಹಾಳೆಯಲ್ಲಿ 'ಬರೀ ಆಹಾರ' ಎಂದು ಬರೆದು ಸಹಿ ಹಾಕಿದವನೂ ನಾನೇ.

ಬಸ್ಸು ಜೂರಾಲ ಅಣೆಕಟ್ಟು ದಾಟುತ್ತಿದ್ದಾಗ ಆ ಮೇಲ್ವಿಚಾರಕನ ಸಂದೇಶ ಬಂತು: "ಬರೀ ಆಹಾರ ಇತ್ತು ಅಂತಲೇ ಹೇಳು. ಸಹಿ ನಿನ್ನದು." ಇಂಥ ತಪ್ಪಿಗೆ ಹೊರದೇಶದಲ್ಲಿ ಜೈಲೂ ಆಗಬಹುದೆಂದು ತರಬೇತಿಯಲ್ಲಿ ಹೇಳಿದ್ದರು. ಹಿಂದೆ ಬರುತ್ತಿದ್ದ ಪೊಲೀಸ್ ಜೀಪು ನನಗಾಗಿಯೇ ಬರುತ್ತಿದೆ ಅನಿಸಿ ಸೀಟಿನಲ್ಲಿ ಕುಗ್ಗಿ ಕೂತೆ. ಅದು ನಮ್ಮನ್ನು ದಾಟಿ ಹೋದ ಮೇಲೂ ತಲೆ ಎತ್ತಲಿಲ್ಲ.

ಅಕ್ಕ ಮಗ್ಗದ ಮೇಲಿದ್ದಳು. ನನ್ನನ್ನು ಕಂಡವಳೇ ಕೈ ನಿಲ್ಲಿಸಿದಳು. "ಏನಾತೋ ತಮ್ಮಾ? ಮಾರಿ ಯಾಕ ಹಿಂಗ ಆಗೈತಿ?"

ಎಲ್ಲ ಹೇಳಿದೆ. ಹಡಗಿನಲ್ಲಿ ನಾನು ಕಸ ಆರಿಸುತ್ತೇನೆಂಬುದೂ ಆಕೆಗೆ ಆಗಲೇ ಗೊತ್ತಾದದ್ದು. ಆಕೆ ಕೇಳಿದ್ದು ಬೇರೆಯದನ್ನೇ.

"ಗುಂಡಿ ಒತ್ತಿದಾಂವ ನೀನ ಏನು?"

"ಹೂಂ ಅಕ್ಕಾ."

"ದಸ್ಕತ್ತೂ ನಿಂದ?"

"ಹೂಂ. ಅಂವ ಹೇಳಿದಂಗ ಹೇಳಿಬಿಡ್ಲೇನು? ನನಗ ಭಾಳ ಅಂಜಿಕಿ ಆಗಾಕತ್ತೈತಿ."

"ಕೋರ್ಟು, ಜೈಲು ನನಗೇನು ತಿಳೀತೈತಿ? ಆದ್ರ ಒಂದು ಸುಳ್ಳು ಬರದು ಹಿಂಗ ನಡಗಾಕತ್ತೀದಿ. ಇನ್ನೊಂದು ಹೇಳಿ ಹೆಂಗ ಇರ್ತಿ?"

ಮರುದಿನ ಹನ್ನೊಂದಕ್ಕೆ ಮುಂಚೆ ಆಕೆ ಅಕ್ಕಪಕ್ಕದ ಮನೆಗಳಿಗೆ ಹೋಗಿ, "ಒಂದು ತಾಸು ಮಗ್ಗ ನಿಲ್ಲಸ್ರೀ, ನಮ್ಮ ತಮ್ಮಂದು ಪೇಷಿ ಐತಿ, ಫೋನಿನ್ಯಾಗ ವಿಚಾರಣಿ ಮಾಡ್ತಾರ" ಎಂದು ಕೇಳಿಕೊಂಡು ಬಂದಳು. ಓಣಿ ಒಮ್ಮೆಲೇ ಸುಮ್ಮನಾಯಿತು.

ತೆರೆಯ ಮೇಲೆ ಬಂದ ಹೆಂಗಸು ಎರಡು ಫೋಟೋ ತೋರಿಸಿದಳು. ಒಂದರಲ್ಲಿ ಯಂತ್ರದ ಅಲಗಿಗೆ ಸುತ್ತಿಕೊಂಡ ಪ್ಲಾಸ್ಟಿಕ್, ಇನ್ನೊಂದರಲ್ಲಿ ನನ್ನ ಹಾಳೆ.

"ಈ ಸಹಿ ನಿಮ್ಮದೇ?"

"ಹೌದು."

"ಬರೆದದ್ದು ನಿಜವೇ?"

ಅಕ್ಕ ಬಾಗಿಲ ಬಳಿ ನಿಂತಿದ್ದಳು. ನಾನು ಅತ್ತ ನೋಡಲಿಲ್ಲ. "ಅಲ್ಲ" ಎಂದೆ. ಆಮೇಲೆ ಚೀಲಗಳ ಕಥೆ, ಮೇಲ್ವಿಚಾರಕನ ಮಾತು, ಅವನ ಸಂದೇಶ, ಎಲ್ಲವನ್ನೂ ಹೇಳಿದೆ. ಆಕೆ ಬರೆದುಕೊಂಡು, "ತಿಳಿಸುತ್ತೇವೆ" ಎಂದಷ್ಟೇ ಹೇಳಿ ಕರೆ ಮುಗಿಸಿದಳು.

ಎರಡು ತಿಂಗಳು ಏನೂ ತಿಳಿಯಲಿಲ್ಲ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಕೈಯಲ್ಲಿನ ಅನ್ನದ ತುತ್ತು ಹಾಗೇ ನಿಲ್ಲುತ್ತಿತ್ತು. ಕೊನೆಗೆ ಪತ್ರ ಬಂತು. ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದಿದ್ದರು. ನನಗೆ ಲಿಖಿತ ಎಚ್ಚರಿಕೆ, ಮತ್ತೆ ತರಬೇತಿ, ಬೇರೆ ಹಡಗು.

ಹೊಸ ಹಡಗಿನಲ್ಲಿ ಒಂದೊಂದು ಚೀಲವನ್ನೂ ಬಿಚ್ಚಿ ಸುರಿದು ತಡಕುತ್ತಿದ್ದೆ. "ಯಾಕಿಷ್ಟು ನಿಧಾನ?" ಎಂದು ಅಲ್ಲಿನ ಮೇಲ್ವಿಚಾರಕಿ ಕೇಳಿದಳು. "ಭಯ ಮೇಡಂ" ಎಂದೆ. ಆಕೆ ನನ್ನನ್ನೊಮ್ಮೆ ನೋಡಿ, ಕೈಗವಸು ಹಾಕಿಕೊಂಡು ಪಕ್ಕದಲ್ಲಿ ಕುಳಿತು ತಾನೂ ಒಂದು ಚೀಲ ಬಿಚ್ಚಿದಳು.