ಫ್ಲೋರಾ ಮಾವಶಿಯ ಮಲೀದಾ

ಫ್ಲೋರಾ ಮಾವಶಿಯ ಎದುರು ಯಾರಾದರೂ ‘ಥ್ಯಾಂಕ್ಸ್’ ಅಂದರೆ ಅವರು ಬಡಿಸುವುದನ್ನು ಅರ್ಧಕ್ಕೇ ನಿಲ್ಲಿಸಿ ಸೌಟನ್ನು ಪಾತ್ರೆಯೊಳಗೆ ಬಿಟ್ಟುಬಿಡುತ್ತಿದ್ದರು. “ಥ್ಯಾಂಕ್ಸ್ ಅಂದ್ಯಲ್ಲಾ, ಹೊಟ್ಟಿ ತುಂಬಿರಬೇಕು. ಏಳು.” ಜೆರುಸಲೇಮಿನ ನಮ್ಮ ಹಾಸ್ಟೆಲಿನಲ್ಲಿ ಅವರು ಅಡುಗೆ ಮಾಡುತ್ತಿದ್ದರು. ಉಳಿದ ವಿದ್ಯಾರ್ಥಿಗಳಿಗೆ ಈ ಬೈಗುಳ ಹೀಬ್ರೂವಿನಲ್ಲಿ ಸಿಗುತ್ತಿತ್ತು; ನನಗೊಬ್ಬಳಿಗೆ ಹುಬ್ಬಳ್ಳಿ ಕನ್ನಡದಲ್ಲಿ.

ಮೊದಲ ಸಲ ಆ ಕನ್ನಡ ಕೇಳಿದಾಗ ನಾನು ಊಟದ ಸಾಲಿನಲ್ಲಿ ನಿಂತು ಪುಣೆಯ ಅವ್ವನಿಗೆ ಫೋನಿನಲ್ಲಿ ದೂರು ಹೇಳುತ್ತಿದ್ದೆ. ಸೂಪಿನ ಪಾತ್ರೆಯ ಹಿಂದಿನಿಂದ ದನಿ ಬಂತು: “ಯವ್ವಾ, ಸಾರು ತೆಳ್ಳಗ ಅದ ಅಂತ ಪುಣೇಕ್ಕ ಯಾಕ ಹೇಳ್ತಿ? ನನಗ ಹೇಳು.”

ಮರಾಠಿಯಲ್ಲಿ ಮಾವಶಿ ಅಂದರೆ ಚಿಕ್ಕಮ್ಮ; ನಾನು ಹಾಗೆ ಕರೆಯುತ್ತಿದ್ದೆ. ಅವರು ಬೆನೆ ಇಸ್ರೇಲಿ. ಶತಮಾನಗಳಿಂದ ಕೊಂಕಣ ತೀರದಲ್ಲಿ ಮರಾಠಿ ಮಾತಾಡಿಕೊಂಡು ಬದುಕಿದ ಯಹೂದ್ಯರ ಪೈಕಿ. ಅವರ ಅಪ್ಪ ಹುಬ್ಬಳ್ಳಿ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಪುಣೆಯ ರಾಸ್ತಾ ಪೇಠೆಗೆ ಸೊಸೆಯಾಗಿ ಬಂದು, ಕೆಲ ವರ್ಷಗಳ ನಂತರ ಗಂಡನ ಜೊತೆ ಇಸ್ರೇಲಿಗೆ ಹೋದವರು. ಅವರಿಗೆ ಅದು ಹಿರಿಯರು ಕನಸಿನಲ್ಲಿ ಕಂಡ ಪವಿತ್ರ ನೆಲ. ನನಗೆ, ಪ್ರಾಚೀನ ಇತಿಹಾಸದ ವಿದ್ಯಾರ್ಥಿನಿಗೆ, ಸ್ಕಾಲರ್‌ಶಿಪ್ ಸಿಕ್ಕ ಊರು.

ಶರತ್ಕಾಲದ ಹಬ್ಬಕ್ಕೆ ರಜೆ ಬಂತು. ಹಾಸ್ಟೆಲ್ ಖಾಲಿಯಾಯಿತು, ಅಡುಗೆಮನೆಗೆ ಬೀಗ ಬಿತ್ತು. ನನಗೆ ಜ್ವರ. ಹಬ್ಬದ ದಿನ ಬಸ್ಸುಗಳೂ ಇರುವುದಿಲ್ಲ. ಹಿಂದಿನ ದಿನದ ಕೊನೆಯ ಬಸ್ಸಿನಲ್ಲಿ ಮಾವಶಿ ನನ್ನನ್ನು ರಾಮ್ಲೆಯ ತಮ್ಮ ಎರಡು ಕೋಣೆಯ ಮನೆಗೆ ಕರೆದೊಯ್ದರು. ಬಾಲ್ಕನಿಯಲ್ಲಿ ಹಬ್ಬಕ್ಕೆಂದು ತಾಳೆಗರಿಯ ಗುಡಿಸಲು ಕಟ್ಟಿದ್ದರು. ಒಂಬತ್ತು ದಿನ ನಾನು ಅವರ ಮೊಮ್ಮಗಳು ಯಾಯೆಲ್‌ಳ ಹಾಸಿಗೆಯಲ್ಲಿ ಮಲಗಿದೆ, ಯಾಯೆಲ್ ನೆಲದ ಮೇಲೆ ಮಲಗಿದಳು. ಅನ್ನದ ಗಂಜಿ, ಹಣೆಗೆ ಒದ್ದೆ ಬಟ್ಟೆ, “ಸಾಯೂದಿಲ್ಲ ಬಿಡು, ನಿಮ್ಮವ್ವಗ ಏನಂತ ಉತ್ತರಾ ಕೊಡ್ಲಿ” ಎಂಬ ಗದರಿಕೆ.

ಹತ್ತನೆಯ ದಿನ ಎದ್ದು ಕೂತೆ. ಅಂದು ಮಾವಶಿ ಮಲೀದಾ ಮಾಡಿದರು. ನನಗಾಗಿ ಹರಕೆ ಹೊತ್ತಿದ್ದರಂತೆ. ನೆನೆಸಿದ ಅವಲಕ್ಕಿಗೆ ಸಕ್ಕರೆ, ಕಾಯಿತುರಿ, ಏಲಕ್ಕಿ. ಸುತ್ತ ಐದು ಬಗೆಯ ಹಣ್ಣು. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹಾಡಿ, ಕೃತಜ್ಞತೆ ಹೇಳಿ, ಬಂದವರೆಲ್ಲ ಆ ಒಂದೇ ತಾಟಿನಿಂದ ತಿನ್ನಬೇಕು. ಲಗ್ನವಿರಲಿ, ಹೊಸ ಮನೆಯಿರಲಿ, ಕಾಯಿಲೆ ಗುಣವಾಗಿರಲಿ, ಬೆನೆ ಇಸ್ರೇಲಿಗಳು ಹೀಗೆ ತಾಟು ಇಡುತ್ತಾರೆ.

“ನಾವು ಇಲ್ಲಿಗೆ ಬಂದ ಹೊಸದಾಗ, ನೀವು ಖರೇನ ಯಹೂದ್ಯರೇನು ಅಂತ ಮಂದಿ ಕೇಳ್ತಿದ್ರು. ಪುಣೇದಾಗ ಒಬ್ಬರೂ ಕೇಳಿದ್ದಿಲ್ಲ ನೋಡು,” ಎಂದು ಹೇಳುತ್ತ ಹಣ್ಣು ಹೆಚ್ಚುತ್ತಿದ್ದರು. ಆಮೇಲೆ ಯಾಯೆಲ್‌ಳತ್ತ ಚಾಕು ತೋರಿಸಿ ಅಂದರು: “ಇಕಿ ಲಗ್ನದಾಗ ಗಂಡಿನ ಕಡಿಯವರೂ ಈ ತಾಟಿನಾಗಿಂದ ತಿನಬೇಕು. ನಂದು ಅದೊಂದ ಆಸೆ. ಬ್ಯಾರೇ ಏನೂ ಬ್ಯಾಡ.”

ಅಂದು ಮಾವಶಿಯ ಪಕ್ಕ ಕೂತು ಕಾಯಿ ತುರಿದುಕೊಟ್ಟೆ ಎಂದು ಎಷ್ಟೋ ವರ್ಷ ನಂಬಿದ್ದೆ. ಪುಣೆಯಲ್ಲಿ ಗೆಳತಿಯರಿಗೆ ಹಾಗೆಯೇ ಹೇಳಿದ್ದೆ; ತುರಿಯುವಾಗ ಕಣ್ಣು ತುಂಬಿತ್ತು ಎಂದೂ ಸೇರಿಸಿದ್ದೆ. ಮೊನ್ನೆ ಹಳೆಯ ದಿನಚರಿ ತೆಗೆದೆ. ಅಂದಿನ ಪುಟದಲ್ಲಿ ಇರುವುದು ಇಷ್ಟು: “ಒದ್ದೆ ಅವಲಕ್ಕಿ ವಾಸನೆಗೆ ವಾಕರಿಕೆ. ಬೇಗ ಹಾಸ್ಟೆಲಿಗೆ ಹೋಗಬೇಕು. ಬಾಲ್ಕನಿಯ ಬೆಳಕು ಚೆನ್ನಾಗಿತ್ತು, ಹದಿನಾಲ್ಕು ಫೋಟೋ. ಪ್ರಬಂಧಕ್ಕೆ ಆಗಬಹುದು.” ತೆಂಗಿನಕಾಯಿಯ ಮಾತೇ ಇಲ್ಲ.

ಪ್ರಬಂಧಕ್ಕೆ ಆಯಿತು. ಮಲೀದಾ ಎಂಬುದು ನೆರೆಯ ಹಿಂದೂಗಳ ನೈವೇದ್ಯದ ಅನುಕರಣೆ, ಯಹೂದ್ಯ ಮೂಲದ್ದಲ್ಲ ಎಂದು ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಬರೆದೆ. ನನ್ನ ಬಳಿ ಆಧಾರವಿರಲಿಲ್ಲ. ತಾಟಿನಲ್ಲಿ ತೆಂಗಿನಕಾಯಿ ಕಂಡಿತ್ತು, ಅಷ್ಟೇ. ಮಾರ್ಗದರ್ಶಕರು ಮೆಚ್ಚಿದರು, ಪತ್ರಿಕೆಯೊಂದು ಪ್ರಕಟಿಸಿತು. ಕೃತಜ್ಞತೆಯ ಸಾಲುಗಳಲ್ಲಿ ಗ್ರಂಥಾಲಯವಿತ್ತು, ಸ್ಕಾಲರ್‌ಶಿಪ್ ಕೊಟ್ಟವರಿದ್ದರು. ತಾಟು ಹಿಡಿದ ಮಾವಶಿಯ ಫೋಟೋದ ಕೆಳಗೆ ಮಾತ್ರ: ‘ಹುಬ್ಬಳ್ಳಿ ಮೂಲದ ಅಡುಗೆಯಾಕೆ, ರಾಮ್ಲೆ.’ ಬರೆಯುವ ಮೊದಲು ಅವರನ್ನು ಕೇಳಬೇಕು ಎಂದು ಹೊಳೆದಿತ್ತೇ? ಹೊಳೆದಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ಅದು ನೆನಪೋ, ಆಮೇಲೆ ಹುಟ್ಟಿದ ಮರ್ಯಾದೆಯೋ ಹೇಳಲಾರೆ.

ಕಳೆದ ವಾರ ಮಾವಶಿ ಪುಣೆಗೆ ಬಂದಿದ್ದಾರೆಂದು ತಿಳಿಯಿತು. ಖರಾಡಿಯ ಆಫೀಸಿಗೆ ರಜೆ ಹಾಕಿ, ಪೇಢೆ ಕಟ್ಟಿಸಿಕೊಂಡು ರಾಸ್ತಾ ಪೇಠೆಗೆ ಹೋದೆ. ಹಳೆಯ ವಾಡೆಯ ಎರಡನೇ ಮಹಡಿ, ಅವರ ಮೈದುನನ ಮನೆ. ಬಾಗಿಲು ತೆರೆದ ನೆಗೆಣ್ಣಿಗೆ ಹೆಸರು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮ್ಹಣಜೆ ತೂಚ ಕಾ ತೀ?” ಅಂದರು. ಅಂದರೆ ನೀನೇ ಏನು ಆಕೆ?

ಮಾವಶಿ ಕಿಟಕಿಯ ಬಳಿ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು. ತುಂಬ ಸೊರಗಿದ್ದರು.

“ಬಾ, ಮೇಧಾ. ಅರಾಮ ಇದ್ದಿ?”

“ಅರಾಮ ಇದ್ದೀನ್ರಿ. ಯಾಯೆಲ್ ಲಗ್ನ ಆತಂತಲ್ರಿ ಮಾವಶಿ? ಭಾಳ ಖುಷಿ ಆತು.”

“ಆತು. ತಾಟು ಇಡಲಿಲ್ಲ.” ದ್ರಾಕ್ಷಿಯಿಂದ ಕಣ್ಣು ಮೇಲೆತ್ತಲಿಲ್ಲ. “ಹುಡುಗನ ಕಾಕಾ ಫೋನಿನಾಗ ನಿನ್ನ ಬರಹ ತಗದು ತೋರಿಸಿದಾ. ‘ನಿಮ್ಮ ಮನ್ಯಾಗ ಉಂಡಾಕಿನ ಬರದಾಳ, ಇದು ಹಿಂದೂ ಪೂಜಾ ಅಂತ. ನಮ್ಮ ಹುಡುಗನ ಲಗ್ನದಾಗ ಬ್ಯಾಡ’ ಅಂದಾ. ನನ್ನ ಫೋಟೋನೂ ಇತ್ತಲ್ಲ ಅದರಾಗ. ಇದು ನಾನಲ್ಲ ಅಂತ ಹ್ಯಾಂಗ ಅನ್ಲಿ? ಯಾಯೆಲ್ ಅತ್ತಳು. ನಾನ ಅಂದೆ, ಬ್ಯಾಡ ಬಿಡ್ರಿ.”

“ಮಾವಶಿ, ತಪ್ಪಾತ್ರಿ. ಪತ್ರಿಕಿಯವರಿಗೆ ಬರದು ತಿದ್ದಸ್ತೀನಿ.”

“ತಿದ್ದು. ಆ ಲಗ್ನಾ ಮತ್ತ ಆಗೂದಿಲ್ಲ.”

ಒಳಗಿಂದ ಚಹಾ ಬಂತು. ಬರುವ ಭಾನುವಾರ ಇದೇ ಮನೆಯಲ್ಲಿ ಯಾಯೆಲ್ ಹೆಸರಿನಲ್ಲಿ ಮಲೀದಾ ಎಂದು ನೆಗೆಣ್ಣಿ ಹೇಳಿದರು. ಅದಕ್ಕಾಗಿಯೇ ಮಾವಶಿ ಅಷ್ಟು ದೂರದಿಂದ ಬಂದಿದ್ದರು. ಮದುಮಗಳೂ ಇಲ್ಲ, ಗಂಡಿನ ಕಡೆಯವರೂ ಇಲ್ಲ. ಪೇಠೆಯಲ್ಲಿ ಉಳಿದಿರುವ ನಾಲ್ಕು ಮುದುಕ ಮುದುಕಿಯರು ತಿನ್ನಲು ಬರುತ್ತಾರೆ.

“ನಾನೂ ಬರ್ಲೇನ್ರಿ, ಮಾವಶಿ?”

ಆಗ ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

“ಬರಬ್ಯಾಡ ತಂಗಿ. ಎಲ್ಲಾರೂ ತಿನ್ನಾಕ ಬರ್ತಾರ. ನೀ ನೋಡಾಕ ಬರ್ತಿ.”

ಭಾನುವಾರ ನಾನು ಹೋಗಲಿಲ್ಲ. ಹೋಗದೆ ಇದ್ದುದನ್ನು ಸೋಮವಾರ ಬರೆಯಲು ಕೂತಿದ್ದೇನೆ.